ಕ್ಯಾಮೆರಾ ಕೈಯಲ್ಲಿದೆ, ಅಲುಗಾಡಿಸೋದು ಯಾಕೆ?

ಸಿನಿಮಾ ತೆಗೆಯುವ ಬಗ್ಗೆ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೈಯಲ್ಲಿ ಕ್ಯಾಮೆರಾ ಹಿಡಿದು ಶೂಟ್ ಮಾಡುವ ಬಗ್ಗೆಯೇ ಇವೆ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ. ಹಾಗಾಗಿ ಎಡಿಟಿಂಗ್, ಸೌಂಡ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರ: ಮಾಟುಂಗಾದಲ್ಲಿ ನಮ್ಮಪ್ಪನ ಹೋಟೆಲ್ ಇದೆ. ಅದರ ಅಡುಗೆಮನೆ ಬಗ್ಗೆ ಒಂದು ಕಿರುಚಿತ್ರ ಮಾಡುತ್ತಿದ್ದೇನೆ. ಎಲ್ಲ ಫೋನಿನಲ್ಲೇ, ಕೈಯಲ್ಲೇ ಹಿಡಿದು. ಫೋನಿನಲ್ಲಿ ನೋಡಿದಾಗ ಚೆನ್ನಾಗೇ ಇತ್ತು. ಮನೆಯ ಟಿವಿಗೆ ಹಾಕಿದರೆ ದೋಸೆ ಕಾವಲಿಯೂ ನಡುಗುತ್ತದೆ, ಭಟ್ಟರೂ ನಡುಗುತ್ತಾರೆ. ಗೆಳೆಯ ‘ಇದೇ ಹ್ಯಾಂಡ್‌ಹೆಲ್ಡ್ ಸ್ಟೈಲ್’ ಅನ್ನುತ್ತಾನೆ. ಅಪ್ಪ ತಲೆನೋವು ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗ, ಡೊಂಬಿವಲಿ

ಉ: ಅಪ್ಪನ ಮಾತು ಕೇಳಿ.

ನಿಮ್ಮ ಫೋನಿನ ತೂಕ ಹೆಚ್ಚೆಂದರೆ ಕಾಲು ಕಿಲೋ. ಕೈಯ ಸಣ್ಣ ನಡುಕ, ಉಸಿರು, ನಾಡಿ ಬಡಿತ, ಎಲ್ಲಕ್ಕೂ ಅದು ತಕ್ಷಣ ಕುಣಿಯುತ್ತದೆ. ಹಿಂದೆ ಸಿನಿಮಾದವರು ಹತ್ತು ಕಿಲೋಗಿಂತ ಭಾರದ ಕ್ಯಾಮೆರಾವನ್ನು ಭುಜದ ಮೇಲೆ ಹೊತ್ತು ಶೂಟ್ ಮಾಡುತ್ತಿದ್ದರು. ಅಷ್ಟು ಭಾರದ ವಸ್ತು ಸಣ್ಣ ನಡುಕಕ್ಕೆಲ್ಲ ಜಗ್ಗುವುದಿಲ್ಲ. ಮೈ ವಾಲಿದರೆ ಅದೂ ನಿಧಾನವಾಗಿ ವಾಲುತ್ತದೆ, ಅಷ್ಟೇ. ನಾವು ಸಿನಿಮಾದಲ್ಲಿ ನೋಡಿ ಮೆಚ್ಚಿಕೊಂಡ ಹ್ಯಾಂಡ್‌ಹೆಲ್ಡ್ ಅಂದರೆ ಈ ನಿಧಾನದ ಓಲಾಟ. ನಿಮ್ಮ ಫೋನಿನದ್ದು ಗಡಗಡ ನಡುಕ. ಹೆಸರು ಒಂದೇ ಆದರೂ ಕಣ್ಣಿಗೆ ಇವೆರಡೂ ಬೇರೆ ಬೇರೆ.

ಆದ್ದರಿಂದ ಮೊದಲು ತೂಕ ಸೇರಿಸಿ. ಫೋನನ್ನು ಎರಡು ಹಿಡಿಕೆಯ ಒಂದು ಸಾಧಾರಣ ಚೌಕಟ್ಟಿಗೆ, ಅಂದರೆ ಕೇಜ್‌ಗೆ ಹಾಕಿ, ಅದಕ್ಕೆ ಪವರ್ ಬ್ಯಾಂಕ್, ಮೈಕ್, ಏನಾದರೂ ಕಟ್ಟಿ. ಒಂದೂವರೆ ಕಿಲೋ ಆದರೂ ಸಾಕು, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ. ಕುತ್ತಿಗೆಗೆ ಪಟ್ಟಿ ಹಾಕಿ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಪಟ್ಟಿ ಬಿಗಿಯಾಗುವ ಹಾಗೆ ಹಿಡಿದರೆ ಮೂರನೇ ಆಧಾರ ಸಿಗುತ್ತದೆ. ಹೋಟೆಲ್ ಅಡುಗೆಮನೆಯಲ್ಲಂತೂ ಒರಗಿಕೊಳ್ಳಲು ಗೋಡೆ, ಕಂಬ, ಫ್ರಿಜ್ಜು ಬೇಕಾದಷ್ಟಿರುತ್ತವೆ. ಒರಗಿದರೆ ಯಾರೂ ಬೈಯಲ್ಲ. ನಡೆಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ ನಿಧಾನವಾಗಿ ಬೆರಳಿಗೆ ಭಾರ ಬಿಡಿ, ತುಂಬಿದ ಕೊಡ ಹೊತ್ತು ನಡೆಯುವ ಹಾಗೆ.

ಇನ್ನು ಲೆನ್ಸ್. ಹೆಚ್ಚಿನ ಫೋನುಗಳ ಮುಖ್ಯ ಲೆನ್ಸ್ ಸುಮಾರು 24ರಿಂದ 26 ಮಿಮೀ ಲೆನ್ಸಿಗೆ ಸಮ, ಅಂದರೆ ನೋಟ ಅಗಲ. ಅದರಲ್ಲೇ ಇರಿ. ಭಟ್ಟರ ಮುಖ ಹತ್ತಿರ ಬೇಕು ಅಂತ 3ಎಕ್ಸ್ ಜೂಮ್‌ಗೆ ಹೋದಿರೋ, ನಡುಕವೂ ಮೂರು ಪಟ್ಟು ಕಾಣುತ್ತದೆ. ಮುಖ ಬೇಕಾದರೆ ನೀವೇ ಹತ್ತಿರ ಹೋಗಿ. ಕಾವಲಿಯ ಬಿಸಿ ನಿಮಗೂ ತಾಗಲಿ.

ಫೋನಿನ ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ಸೌಲಭ್ಯ) ಆನ್ ಇಟ್ಟರೆ ಸಾಲದೇ ಅಂತ ಕೇಳ್ತೀರಿ. ಹಗಲಲ್ಲಿ ಸಾಕು. ಆದರೆ ಸಾಫ್ಟ್‌ವೇರ್ ಮಾಡುವುದು ಫ್ರೇಮಿನ ಅಂಚನ್ನು ಕತ್ತರಿಸಿ ಒಳಗಿನ ಚಿತ್ರವನ್ನು ಆಚೀಚೆ ಸರಿಸುವ ಕೆಲಸ. ಬೆಳಕು ಕಡಿಮೆ ಇದ್ದಾಗ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ಜಾಸ್ತಿ ಹೊತ್ತು ತೆರೆದಿರುತ್ತದೆ, ಆಗ ಒಂದೊಂದು ಫ್ರೇಮಿನಲ್ಲೂ ಕೈ ಅಲುಗಿದ ಮಸುಕು ಮೊದಲೇ ಅಚ್ಚಾಗಿರುತ್ತದೆ. ಚಿತ್ರವನ್ನು ಸರಿಸಿದರೂ ಆ ಮಸುಕು ಹೋಗುವುದಿಲ್ಲ. ಚಿತ್ರ ನಿಂತಿದೆ, ಆದರೆ ಮಿಣ ಮಿಣ ಮಸುಕಾಗುತ್ತಿದೆ ಅನ್ನಿಸಿದರೆ ಕಾರಣ ಇದೇ. ಹೋಟೆಲಿನ ಒಳಗೆ ಒಂದು ಲೈಟ್ ಹೆಚ್ಚಿಗೆ ಹಾಕಿ.

ಕೊನೆಗೊಂದು ಮಾತು. ಶೂಟ್ ಮಾಡಿದ್ದನ್ನು ಅವತ್ತೇ ದೊಡ್ಡ ಪರದೆಯಲ್ಲಿ ನೋಡಿ. ಆರು ಇಂಚಿನ ಪರದೆಯಲ್ಲಿ ಕೂದಲೆಳೆಯಷ್ಟು ಅಲುಗಿದ್ದು ಹಾಲ್‌ನಲ್ಲಿ ಬೆರಳಗಲ ಅಲುಗುತ್ತದೆ.

ಪ್ರ: ನಾನು ಪುಣೆಯಲ್ಲಿ ಮಾಸ್ ಕಮ್ಯುನಿಕೇಶನ್ ಓದುತ್ತಿದ್ದೇನೆ. ಕಾಲೇಜಿನಲ್ಲಿ ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಯಂತ್ರದ ಹಿಡಿಕೆ) ಕೊಡುತ್ತಾರೆ. ಅದಿದ್ದ ಮೇಲೆ ಕೈಯಲ್ಲಿ ಹಿಡಿದು ಯಾಕೆ ಒದ್ದಾಡಬೇಕು? ಸ್ಟೆಡಿಕ್ಯಾಮ್ ಅಂದರೂ ಇದೇನಾ?
– ವಿದ್ಯಾರ್ಥಿನಿ, ಕೊಥ್ರೂಡ್

ಉ: ಎರಡೂ ಒಂದೇ ಅಲ್ಲಮ್ಮ. ಸ್ಟೆಡಿಕ್ಯಾಮ್ ಅನ್ನು ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಮಾಡಿದರು. ಅದರಲ್ಲಿ ಮೋಟಾರ್ ಇರಲಿಲ್ಲ. ಮೈಗೆ ಜಾಕೆಟ್, ಅದಕ್ಕೆ ಸ್ಪ್ರಿಂಗ್ ಇರುವ ತೋಳು, ಅದರ ತುದಿಗೆ ಮೇಲೆ ಕ್ಯಾಮೆರಾ ಕೆಳಗೆ ತೂಕ ಇರುವ ಕಂಬ. ತೂಕದ ಸಮತೋಲನದಿಂದಲೇ ಕ್ಯಾಮೆರಾ ತೇಲುತ್ತದೆ. 1976ರ ‘ರಾಕಿ’ಯಲ್ಲಿ ಬಾಕ್ಸರ್ ಮೆಟ್ಟಿಲು ಹತ್ತಿ ಓಡುವುದನ್ನು ತೆಗೆದದ್ದು ಅದರಲ್ಲೇ. ನಿಮ್ಮ ಕಾಲೇಜಿನ ಗಿಂಬಲ್‌ನಲ್ಲಿ ಮೂರು ಮೋಟಾರ್ ಇರುತ್ತವೆ. ಸೆನ್ಸರ್ ಅಲುಗಾಟ ಗುರುತಿಸುತ್ತದೆ, ಮೋಟಾರ್ ಅದಕ್ಕೆ ವಿರುದ್ಧ ತಿರುಗಿ ಸರಿ ಮಾಡುತ್ತದೆ.

ಗಿಂಬಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಫ್‌ಸಿ ರೋಡಿನಲ್ಲಿ ಒಬ್ಬ ಹುಡುಗನ ಹಿಂದೆ ಎರಡು ನಿಮಿಷ ನಡೆಯಬೇಕು ಅಂದರೆ ತಗೊಳ್ಳಿ. ಆದರೆ ಅದಕ್ಕೆ ಎರಡು ದೋಷ ಇವೆ. ಒಂದು, ಲೆನ್ಸ್ ಬದಲಿಸಿದ ಕೂಡಲೇ ಮತ್ತೆ ಬ್ಯಾಲೆನ್ಸ್ ಮಾಡುತ್ತಾ ಕೂರಬೇಕು, ಅಷ್ಟರಲ್ಲಿ ನಟನ ಮೂಡು ಇಳಿದಿರುತ್ತದೆ. ಎರಡನೆಯದು ಮುಖ್ಯ. ನೀವು ತಟಕ್ಕನೆ ತಿರುಗಿದರೆ ಅದು ತಿರುಗುವುದಿಲ್ಲ, ಯೋಚನೆ ಮಾಡಿ ತಿರುಗುತ್ತದೆ. ಪಾತ್ರ ಅಳು ತಡೆದುಕೊಂಡು ಮುಖ ಆ ಕಡೆ ಹಾಕಿದಾಗ ನಿಮ್ಮ ಕೈ ತಾನಾಗಿಯೇ ಅರ್ಧ ಹೆಜ್ಜೆ ಹಿಂಬಾಲಿಸುತ್ತದಲ್ಲ, ಅದು ಗಿಂಬಲ್‌ನಲ್ಲಿ ಬರುವುದಿಲ್ಲ. ಗಿಂಬಲ್ ಶಾಟ್‌ನಲ್ಲಿ ನೋಡುತ್ತಿರುವವರಿಗೆ ಮೈಯೇ ಇಲ್ಲ ಅನ್ನಿಸುತ್ತದೆ. ಮದುವೆ ವಿಡಿಯೋಗೆ ಅದು ಚೆಂದ. ಜಗಳಕ್ಕೆ ಅಲ್ಲ.

ಕೈಯಲ್ಲಿ ಹಿಡಿಯುವುದು ಹೊಸ ಫ್ಯಾಶನ್ ಅಂತಲೂ ತಿಳಿಯಬೇಡಿ. 1937ರಲ್ಲಿ ಜರ್ಮನಿಯ ಆರಿಫ್ಲೆಕ್ಸ್ 35 ಬಂದಾಗಲೇ, ಶೂಟ್ ಆಗುತ್ತಿರುವಾಗಲೂ ಲೆನ್ಸ್ ಮೂಲಕವೇ ನೋಡುವ ಅನುಕೂಲ ಇರುವ ಸಣ್ಣ ಕ್ಯಾಮೆರಾ ಕೈಗೆ ಬಂದಿತ್ತು. ನೀವು ಇರುವುದು ಪುಣೆಯಲ್ಲಿ. ಲಾ ಕಾಲೇಜ್ ರೋಡಿನಲ್ಲಿ ಪ್ರಭಾತ್ ಸ್ಟುಡಿಯೋದ ಹಳೆ ಜಾಗದಲ್ಲಿ ಫಿಲಂ ಇನ್‌ಸ್ಟಿಟ್ಯೂಟ್ ಇದೆ, ಅದೇ ರಸ್ತೆಯಲ್ಲಿ ಫಿಲಂ ಆರ್ಕೈವ್ ಇದೆ. ಆರ್ಕೈವ್‌ನಲ್ಲಿ ಹಳೆ ಸಿನಿಮಾ ತೋರಿಸುವ ದಿನ ಹೋಗಿ ಕೂತ್ಕೊಳ್ಳಿ. ಕ್ಯಾಮೆರಾ ಯಾವಾಗ ಸ್ಟ್ಯಾಂಡ್ ಬಿಟ್ಟು ಕೈಗೆ ಬಂತು ಅನ್ನುವುದನ್ನಷ್ಟೇ ಗಮನಿಸಿ.

ಪ್ರ: ಗೋವಾದಲ್ಲಿ ಟೀಚರ್ ಆಗಿದ್ದೇನೆ. ವಿಜಯಪುರ, ಬಾಗಲಕೋಟೆ, ಕೊಪ್ಪಳದಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವವರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದೇನೆ. ಎರಡು ತೊಂದರೆ. ಅವರ ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಚಿತ್ರದ ಮೇಲೆ ಪಟ್ಟೆಪಟ್ಟೆ ಓಡುತ್ತದೆ. ಹೊರಗೆ ಬಿಸಿಲಲ್ಲಿ ತೆಗೆದರೆ ಎಲ್ಲರೂ ಕೀಲಿಗೊಂಬೆಗಳ ಹಾಗೆ ಕಡಿದು ಕಡಿದು ನಡೆಯುತ್ತಾರೆ. ನನ್ನ ಕೈ ಸರಿ ಇಲ್ಲವೇ?
– ಓದುಗರು, ವಾಸ್ಕೊ

ಉ: ಕೈ ಸರಿಯಾಗೇ ಇದೆ ಮೇಷ್ಟ್ರೇ. ಎರಡಕ್ಕೂ ಕಾರಣ ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೂ ಶಟರ್ ಸೆಕೆಂಡಿನ ಎಷ್ಟನೇ ಒಂದು ಭಾಗ ತೆರೆದಿರುತ್ತದೆ ಅನ್ನುವುದು. ಅದನ್ನು ಆಟೋದಲ್ಲಿ ಬಿಟ್ಟಿದ್ದೀರಿ ಅನ್ನಿಸುತ್ತದೆ.

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಂದರೆ ಹಳೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚುಕಮ್ಮಿ ಆಗುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಬೆಳಕಿನ ಲೆಕ್ಕಕ್ಕೆ ಹೊಂದುತ್ತದೆ, ಪಟ್ಟೆ ಹೋಗುತ್ತದೆ. ಅಮೆರಿಕದವರ ವಿಡಿಯೋ ನೋಡಿ 1/60 ಇಡಬೇಡಿ, ಅಲ್ಲಿಯ ಕರೆಂಟು 60 ಹರ್ಟ್ಸ್. ನೀವು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಂತ ಗಟ್ಟಿ ಮಾಡಿಕೊಂಡುಬಿಡಿ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಆಗಲೂ ಮಿಣುಕುತ್ತವೆ. ಅದಕ್ಕೆ ಮದ್ದು ಇಲ್ಲ, ಬಲ್ಬೇ ಬದಲಿಸಬೇಕು. ಆ ಮನೆಗೆ ಒಂದು ಒಳ್ಳೆ ಬಲ್ಬ್ ನೀವೇ ತಂದು ಹಾಕಿ, ಅಲ್ಲೇ ಬಿಟ್ಟು ಬನ್ನಿ.

ಇನ್ನು ಬಿಸಿಲು. ಗೋವಾದ ಮಧ್ಯಾಹ್ನದ ಬೆಳಕು ಎಷ್ಟು ಜಾಸ್ತಿ ಅಂದರೆ ಆಟೋ ಇಟ್ಟರೆ ಕ್ಯಾಮೆರಾ ಶಟರನ್ನು 1/2000ಕ್ಕೂ ಒಯ್ಯಬಹುದು. ಆಗ ಪ್ರತಿ ಫ್ರೇಮೂ ಚೂಪಾಗಿ ನಿಂತ ಫೋಟೋ ಆಗುತ್ತದೆ, ಒಂದರಿಂದ ಇನ್ನೊಂದಕ್ಕೆ ಜಾರುವ ಮಸುಕು ಇರುವುದಿಲ್ಲ. ಕೈಯಲ್ಲಿ ಹಿಡಿದ ಶಾಟ್ ಆದರಂತೂ ನಡುಕದ ಒಂದೊಂದು ಕುಲುಕೂ ಎದ್ದು ಕಾಣುತ್ತದೆ. ಸಿನಿಮಾದ ರೂಢಿ ಏನೆಂದರೆ ಫ್ರೇಮ್ ಸಂಖ್ಯೆಯ ಎರಡರಷ್ಟು ಶಟರ್: 24 ಫ್ರೇಮಿಗೆ 1/48, 25ಕ್ಕೆ 1/50. ಬೆಳಕು ತಡೆಯಲು ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಹಾಕಿ. ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕುತ್ತೀರಲ್ಲ, ಅದೇ ಕೆಲಸ. ಗೋವಾದಲ್ಲಿ ಶೂಟ್ ಮಾಡುವವರು ಟ್ರೈಪಾಡ್ ಮರೆತು ಬಂದರೂ ನಡೆದೀತು, ಎನ್‌ಡಿ ಮರೆತರೆ ಆ ದಿನ ಹೋಯಿತು.

ಈ ಕಡಿದು ಕಡಿದು ಓಡುವ ಚಿತ್ರವನ್ನು ಬೇಕೆಂದೇ ಮಾಡುವವರೂ ಇದ್ದಾರೆ ಅನ್ನಿ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ನಲ್ಲಿ ಸೈನಿಕರು ಕಡಲತೀರಕ್ಕೆ ಇಳಿಯುವ ದೃಶ್ಯಕ್ಕೆ ಯಾನುಶ್ ಕಮಿನ್ಸ್ಕಿ ಎಂಬ ಕ್ಯಾಮೆರಾಮನ್ ಶಟರ್ ತೆರೆಯುವ ಕೋನವನ್ನು ರೂಢಿಯ 180 ಡಿಗ್ರಿ ಬಿಟ್ಟು 90ಕ್ಕೆ, 45ಕ್ಕೆ ಇಳಿಸಿದರು. ಕೋನ ಸಣ್ಣದಾದಷ್ಟೂ ಬೆಳಕು ಬೀಳುವ ಹೊತ್ತು ಕಡಿಮೆ. ಮಣ್ಣಿನ ಹರಳು ಹರಳೂ ಕಾಣುತ್ತದೆ, ಎದೆ ಝಲ್ ಅನ್ನುತ್ತದೆ. ಅದು ಯುದ್ಧ. ನಿಮ್ಮದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ಜನ. ಅವರನ್ನು ಸಾವಕಾಶ ನಡೆಯಲು ಬಿಡಿ.

ನೀವು ಕೇಳದೇ ಇದ್ದರೂ ಹೇಳುತ್ತೇನೆ. ಕೂತು ಮಾತಾಡುವವರ ಎದುರು ನಿಂತುಕೊಂಡು ಕ್ಯಾಮೆರಾ ಹಿಡಿಯಬೇಡಿ. ನೀವೂ ನೆಲದ ಮೇಲೆ ಕೂತು ಕ್ಯಾಮೆರಾವನ್ನು ಮಂಡಿಗೆ, ಎದೆಗೆ ಆನಿಸಿಕೊಳ್ಳಿ. ಕೈಯೂ ನಿಲ್ಲುತ್ತದೆ, ಮಾತಾಡುವವರ ಕಣ್ಣೂ ನಿಮ್ಮ ಕಣ್ಣಿಗೆ ಸಿಗುತ್ತದೆ. ಸ್ಟ್ಯಾಂಡ್ ನಿಲ್ಲಿಸಿ ಲೈಟು ಹಚ್ಚಿದರೆ ‘ಟಿವಿಯವರು ಬಂದ್ರು’ ಅಂತ ಮಾತು ಬಿಗಿಯಾಗಿಬಿಡುತ್ತದೆ.

ಪ್ರ: ನಾನು ಬ್ಯಾಂಕಿನಿಂದ ನಿವೃತ್ತ. ಈಗಿನ ಹೊಡೆದಾಟದ ಸಿನಿಮಾ ನೋಡಿದರೆ ತಲೆ ಸುತ್ತಿ ವಾಂತಿ ಬಂದ ಹಾಗಾಗುತ್ತದೆ. ಕ್ಯಾಮೆರಾದವನಿಗೆ ಜ್ವರವೇ? ಇದು ಕಲೆಯೋ ಮೋಸವೋ?
– ಹಿರಿಯ ಓದುಗರು, ಮುಲುಂಡ್

ಉ: ಅರ್ಧ ಅರ್ಧ, ರಾಯರೇ. ಪರದೆ ತುಂಬ ಅಲುಗಾಡುವಾಗ ಕಣ್ಣು ‘ನಾನು ಚಲಿಸುತ್ತಿದ್ದೇನೆ’ ಅನ್ನುತ್ತದೆ, ಕಿವಿಯ ಒಳಗಿನ ಸಮತೋಲನದ ಅಂಗ ‘ಇಲ್ಲ, ಕುರ್ಚಿಯಲ್ಲೇ ಇದ್ದೀಯ’ ಅನ್ನುತ್ತದೆ. ಆ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಘಾಟ್ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ ಜಗಳ, ತಿರುವುಮುರುವು. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಪರದೆಯ ಆಚೆ ಗೋಡೆಯೂ ಕಣ್ಣಿಗೆ ಬೀಳುವ ಹಾಗಿದ್ದರೆ ಕಡಿಮೆಯಾಗುತ್ತದೆ.

ಮೋಸದ ಮಾತು ಹೇಳಿದಿರಲ್ಲ, ಅದೂ ಸುಳ್ಳಲ್ಲ. ಏಟು ಬಿದ್ದದ್ದು ಮೈಗಲ್ಲ, ಗಾಳಿಗೆ ಅಂತ ಕಾಣಬಾರದು ಎಂದು ಕ್ಯಾಮೆರಾ ಕುಲುಕಿ ಅರ್ಧ ಸೆಕೆಂಡಿಗೊಂದು ಕಟ್ ಹಾಕುವವರು ಬೇಕಾದಷ್ಟಿದ್ದಾರೆ. ಹಾಗಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1966ರ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ ಸಿಕ್ಕರೆ ನೋಡಿ. ನಿರ್ದೇಶಕ ಜಿಲ್ಲೊ ಪೊಂಟೆಕೊರ್ವೊ. ಗಲ್ಲಿಗಳಲ್ಲಿ, ಜನಜಂಗುಳಿಯಲ್ಲಿ ಕ್ಯಾಮೆರಾ ಅಲುಗಿದರೂ ಯಾರು ಎಲ್ಲಿದ್ದಾರೆ, ಬಾಂಬ್ ಯಾವ ಮೇಜಿನ ಕೆಳಗಿದೆ ಅನ್ನುವುದು ಒಂದು ಕ್ಷಣವೂ ಗೊಂದಲ ಆಗುವುದಿಲ್ಲ. ಎಷ್ಟು ನಿಜವಾಗಿ ಕಂಡಿತು ಅಂದರೆ, ಇದರಲ್ಲಿ ಸುದ್ದಿಚಿತ್ರದ ಒಂದು ಅಡಿ ಫಿಲ್ಮೂ ಬಳಸಿಲ್ಲ ಅಂತ ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಪರದೆಯ ಮೇಲೇ ಬರೆದು ತೋರಿಸಬೇಕಾಯಿತು.

ಪ್ರ: ಸ್ಟ್ಯಾಂಡ್ ಇಡದೆ ಕೈಯಲ್ಲೇ ಹಿಡಿದು ಶೂಟ್ ಮಾಡಿದರೆ ಪರ್ಮಿಶನ್ ಬೇಡ ಅಂತಾರೆ. ಲೋಕಲ್ ಟ್ರೇನಿನಲ್ಲಿ ಒಂದು ಸೀನ್ ಇದೆ. ಸುಮ್ನೆ ಮಾಡಿಬಿಡಲಾ?
– ಓದುಗ, ನಾಲಾಸೊಪಾರಾ

ಉ: ಬೇಡ. ಸ್ಟ್ಯಾಂಡ್ ಇದ್ದರೆ ಬೇಗ ಕಣ್ಣಿಗೆ ಬೀಳುತ್ತೀರಿ, ಇಲ್ಲದಿದ್ದರೆ ತಡವಾಗಿ. ನಿಯಮ ಎರಡಕ್ಕೂ ಒಂದೇ. ರೈಲು, ಸ್ಟೇಷನ್ ಅಂದರೆ ಸಿನಿಮಾ ಶೂಟಿಂಗ್‌ಗೆ ರೈಲ್ವೆಯ ಅನುಮತಿ ಬೇಕು. ಗೋವಾದ ಓದುಗರೂ ಇದನ್ನೇ ಕೇಳಿದ್ದಾರೆ. ಅಲ್ಲಿ ಪಣಜಿಯ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾದಲ್ಲಿ ಅರ್ಜಿ ಹಾಕಬೇಕು, ಹಳೆ ಗೋವಾದ ಚರ್ಚುಗಳಂಥ ಜಾಗಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇರೆ.

ಅನುಮತಿಗಿಂತ ನನಗೆ ಭಯ ನಿಮ್ಮ ಜೀವದ್ದು. ಒಂದು ಕಣ್ಣು ಕ್ಯಾಮೆರಾದಲ್ಲಿಟ್ಟು ಹಿಮ್ಮುಖವಾಗಿ ನಡೆಯುವವನಿಗೆ ಪ್ಲಾಟ್‌ಫಾರ್ಮ್ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಅನುಮತಿ ಸಿಕ್ಕಿದ ಮೇಲೂ ಹಿಂದಿನಿಂದ ನಿಮ್ಮ ಬೆಲ್ಟ್ ಹಿಡಿದುಕೊಂಡು ದಾರಿ ತೋರಿಸುವ ಒಬ್ಬ ಬೇಕೇ ಬೇಕು. ಅವನಿಗೆ ಬೇರೆ ಕೆಲಸ ಕೊಡಬೇಡಿ. ಕ್ಯಾಮೆರಾ ಸಣ್ಣದಿದ್ದಷ್ಟೂ ಒಳ್ಳೆಯದು. 2008ರ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಮುಂಬೈಯ ಗಲ್ಲಿಗಳಲ್ಲಿ ಮಕ್ಕಳ ಹಿಂದೆ ಓಡಲು ಕ್ಯಾಮೆರಾಮನ್ ಆಂಥೊನಿ ಡಾಡ್ ಮ್ಯಾಂಟಲ್ ಎಸ್‌ಐ–2ಕೆ ಎಂಬ ಪುಟ್ಟ ಕ್ಯಾಮೆರಾ ಹಿಡಿದಿದ್ದರು. ರೆಕಾರ್ಡ್ ಆಗುತ್ತಿದ್ದದ್ದು ಬೆನ್ನಿನ ಚೀಲದಲ್ಲಿದ್ದ ಲ್ಯಾಪ್‌ಟಾಪಿನಲ್ಲಿ. ಮರುವರ್ಷ ಅವರಿಗೆ ಆಸ್ಕರ್ ಬಂತು.

ಪ್ರ: ನಮ್ಮ ಸಂಘದ ಯಕ್ಷಗಾನವನ್ನು ರಾತ್ರಿಯಿಡೀ ಕೈಯಲ್ಲಿ ಹಿಡಿದು ರೆಕಾರ್ಡ್ ಮಾಡಬಹುದೇ? ಸಹಜವಾಗಿ ಬರುತ್ತದೆ ಅಂತ ಆಸೆ.
– ಗೃಹಿಣಿ, ಠಾಣೆ

ಉ: ದಯವಿಟ್ಟು ಬೇಡ ಅಮ್ಮಾ. ರಂಗಸ್ಥಳಕ್ಕೆ ಗಟ್ಟಿ ಸ್ಟ್ಯಾಂಡ್ ಇಡಿ. ಕುಣಿಯುವುದು ವೇಷದವರ ಕೆಲಸ, ಕ್ಯಾಮೆರಾ ಜೊತೆಗೆ ಕುಣಿದರೆ ಹೆಜ್ಜೆ ಯಾವುದೂ ಕಾಣುವುದಿಲ್ಲ. ಕೈಯ ಕ್ಯಾಮೆರಾವನ್ನು ಚೌಕಿಗೆ ತಗೊಂಡು ಹೋಗಿ. ಬಣ್ಣ ಹಚ್ಚುವುದು, ಕಿರೀಟ ಕಟ್ಟುವುದು, ಹೊರಗೆ ಚೆಂಡೆ ಕೇಳಿದ ಕೂಡಲೇ ವೇಷದವರು ಎದ್ದು ಹೊರಡುವುದು, ಅಲ್ಲಿ ಅದಕ್ಕೆ ಕೆಲಸ ಇದೆ.

ಪ್ರ: ನನ್ನ ಕಥೆ ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಅಣ್ಣ ತಂಗಿ ಮನೆ ಮಾರುವ ವಿಷಯಕ್ಕೆ ಜಗಳ ಆಡುತ್ತಾರೆ. ಇಬ್ಬರೂ ನಾಟಕದವರು, ಸಿನಿಮಾ ಹೊಸದು. ಕೈಯಲ್ಲಿ ಹಿಡಿಯಲೋ, ಸ್ಟ್ಯಾಂಡ್ ಇಡಲೋ?
– ಓದುಗ, ಭಾಂಡುಪ್

ಉ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ನನ್ನ ಮತ ಕೈಗೆ. ಜಗಳ ಅಂದ ಮೇಲೆ ಕ್ಯಾಮೆರಾ ಅಲುಗಬೇಕು ಅನ್ನುವ ಕಾರಣಕ್ಕಲ್ಲ, ನಿಮ್ಮ ನಟರು ಹೊಸಬರು ಅನ್ನುವ ಕಾರಣಕ್ಕೆ.

ಸ್ಟ್ಯಾಂಡ್ ಇಟ್ಟರೆ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಹಾಕುತ್ತೀರಿ. ‘ಈ ಮಾತು ಹೇಳುವಾಗ ಇಲ್ಲಿ ನಿಲ್ಲಮ್ಮಾ, ಇದಕ್ಕಿಂತ ಮುಂದೆ ಬಂದರೆ ಫೋಕಸ್ ಹೋಗುತ್ತೆ.’ ನಾಟಕದವರಿಗೆ ಇಡೀ ರಂಗ ಬಳಸಿ ಅಭ್ಯಾಸ. ಕಾಲು ಗುರುತು ಹುಡುಕತೊಡಗಿದರೆ ಮುಖದ ಜಗಳ ತಣ್ಣಗಾಗುತ್ತದೆ. ಕ್ಯಾಮೆರಾ ಕೈಯಲ್ಲಿದ್ದರೆ ತಂಗಿ ಸಿಟ್ಟಿಗೆ ಎದ್ದು ಸ್ಟೌ ಹತ್ತಿರ ಹೋಗಲಿ, ನೀವು ಅವಳ ಹಿಂದೆ ಹೋಗುತ್ತೀರಿ. 1995ರಲ್ಲಿ ಡೆನ್ಮಾರ್ಕಿನ ನಿರ್ದೇಶಕರಾದ ಲಾರ್ಸ್ ಫಾನ್ ಟ್ರಿಯರ್ ಮತ್ತು ಥಾಮಸ್ ವಿಂಟರ್‌ಬರ್ಗ್ ‘ಡಾಗ್ಮೆ 95’ ಅಂತ ಒಂದು ಶಪಥ ಪತ್ರ ಹೊರಡಿಸಿದರು. ಕ್ಯಾಮೆರಾ ಕೈಯಲ್ಲೇ ಇರಬೇಕು, ಕ್ಯಾಮೆರಾ ನಿಂತಲ್ಲಿ ಸಿನಿಮಾ ನಡೆಯಬಾರದು, ಸಿನಿಮಾ ನಡೆಯುವಲ್ಲಿಗೆ ಕ್ಯಾಮೆರಾ ಹೋಗಬೇಕು ಎಂಬುದು ಅದರ ಒಂದು ನಿಯಮ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ: ಕೈಯಿಂದ ಸಾಧ್ಯವಾಗುವಷ್ಟು ಚಲನೆಯೂ ಸರಿ, ನಿಶ್ಚಲತೆಯೂ ಸರಿ. ಅಂದರೆ ಕೈಯಲ್ಲಿ ಹಿಡಿದು ಅಲುಗದೆ ನಿಲ್ಲುವುದಕ್ಕೂ ಜಾಗ ಇದೆ. ಆ ನಿಯಮದಲ್ಲಿ ಬಂದ ಮೊದಲ ಸಿನಿಮಾ ಮೇಲೆ ಹೇಳಿದ ಡಾಡ್ ಮ್ಯಾಂಟಲ್ ಅವರೇ ತೆಗೆದದ್ದು, ಮನೆಬಳಕೆಯ ಪುಟ್ಟ ವಿಡಿಯೋ ಕ್ಯಾಮೆರಾದಲ್ಲಿ.

ಈಗ ಕೋಣೆಗೆ ಬನ್ನಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಆದರೆ 35 ಮಿಮೀ ಲೆನ್ಸ್, ಎಪಿಎಸ್–ಸಿ (ಅದಕ್ಕಿಂತ ಸಣ್ಣ ಸೆನ್ಸರಿನದು) ಆದರೆ 24 ಮಿಮೀ. ಚಾಳಿನ ಕೋಣೆಗೆ ಇದಕ್ಕಿಂತ ಉದ್ದದ ಲೆನ್ಸ್ ಹಾಕಿದರೆ ಬೆನ್ನು ಗೋಡೆಗೆ ಬಡಿಯುತ್ತದೆ. ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಂಕಿ) 4ರ ಆಸುಪಾಸು ಇರಲಿ. 1.4 ಇಟ್ಟು ಹಿನ್ನೆಲೆಯನ್ನು ಬೆಣ್ಣೆಯ ಹಾಗೆ ಮಸುಕು ಮಾಡುವ ಆಸೆ ಬಿಟ್ಟುಬಿಡಿ, ಕೈಯಲ್ಲಿ ಹಿಡಿದಾಗ ಫೋಕಸ್ ಸರಿಹೊಂದಿಸುವವನಿಗೆ ಅಳು ಬರುತ್ತದೆ. ಕ್ಯಾಮೆರಾ ಹಿಡಿಯುವವರು ರಿಹರ್ಸಲ್‌ಗೆ ಮೊದಲ ದಿನದಿಂದ ಬರಲಿ, ಕ್ಯಾಮೆರಾ ಇಲ್ಲದೆ. ಬರೀ ಕೂತು ನೋಡಲಿ. ಅಣ್ಣ ಸುಳ್ಳು ಹೇಳುವ ಮೊದಲು ಕಿಟಕಿ ಕಡೆ ನೋಡುತ್ತಾನೆ ಅನ್ನುವುದು ಅವರಿಗೆ ಬಾಯಿಪಾಠ ಆಗಿರಬೇಕು.

ಆದರೆ ಗೊತ್ತಿದೆ ಅಂತ ನಟನಿಗಿಂತ ಮೊದಲೇ ತಿರುಗಬಾರದು. ಹೊಸಬರು ಎಡವುವುದು ಇಲ್ಲೇ. ಮಾತು ಯಾರದ್ದೋ ಅವರ ಮುಖಕ್ಕೆ ಕ್ಯಾಮೆರಾ ಟೆನಿಸ್ ನೋಡುವವರ ಹಾಗೆ ಅತ್ತ ಇತ್ತ ಹಾರುತ್ತದೆ. ತಂಗಿ ಬೈಯುತ್ತಿರುವಾಗ ಅಣ್ಣನ ಮೇಲೆಯೇ ನಿಲ್ಲಿ. ಅವನು ತಲೆ ಎತ್ತಿ ಅವಳನ್ನು ನೋಡಿದಾಗ, ಅವನ ಕಣ್ಣಿನ ಹಿಂದೆ ಒಂದು ಚಣ ತಡವಾಗಿ ಕ್ಯಾಮೆರಾ ಹೋಗಲಿ. ಆ ಒಂದು ಚಣದ ತಡದಿಂದಲೇ ‘ಇದು ನಿಜವಾಗಿ ನಡೆಯುತ್ತಿದೆ, ಯಾರಿಗೂ ಮೊದಲೇ ಗೊತ್ತಿರಲಿಲ್ಲ’ ಅನ್ನುವ ನಂಬಿಕೆ ಹುಟ್ಟುವುದು. ಬಲಗಣ್ಣು ಕ್ಯಾಮೆರಾದಲ್ಲಿ, ಎಡಗಣ್ಣು ತೆರೆದೇ ಇರಲಿ. ಫ್ರೇಮಿನ ಹೊರಗೆ ಯಾರು ಏಳುತ್ತಿದ್ದಾರೆ ಅಂತ ಅದು ಹೇಳುತ್ತದೆ.

ಇಷ್ಟೆಲ್ಲ ಹೇಳಿದರೂ, ಇಬ್ಬರನ್ನೂ ದೂರದಿಂದ ನೋಡಿ ‘ಯಾರದ್ದೂ ತಪ್ಪಿಲ್ಲ’ ಅಂತ ತೋರಿಸುವುದು ನಿಮ್ಮ ಇಷ್ಟವಾದರೆ ಸ್ಟ್ಯಾಂಡೇ ಸರಿ. 2014ರ ಮರಾಠಿಯ ‘ಕೋರ್ಟ್’ ಮುಂಬೈಯದ್ದೇ ಕಥೆ. ಅದರಲ್ಲಿ ಕ್ಯಾಮೆರಾ ಹೆಚ್ಚಿನ ಹೊತ್ತು ದೂರದಲ್ಲಿ ಅಲ್ಲಾಡದೆ ನಿಂತಿರುತ್ತದೆ, ನೋಡುವವರಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಯಾವುದಾದರೂ ಒಂದು ಮಾಡಿ. ಅರ್ಧ ಜಗಳ ಸ್ಟ್ಯಾಂಡ್‌ನಲ್ಲಿ, ಅರ್ಧ ಕೈಯಲ್ಲಿ ಅಂತ ಇದ್ದರೆ ಎಲ್ಲಿ ಬದಲಾಗುತ್ತದೆ ಅನ್ನುವುದಕ್ಕೆ ಕಥೆಯಲ್ಲಿ ಕಾರಣ ಇರಲಿ. ‘ಸ್ಟ್ಯಾಂಡ್ ಇಡಲು ಜಾಗ ಇರಲಿಲ್ಲ’ ಅನ್ನುವುದು ಕಾರಣ ಅಲ್ಲ.

ಪ್ರ: ದಿನವಿಡೀ ಭುಜದ ಮೇಲೆ ಕ್ಯಾಮೆರಾ ಹೊತ್ತರೆ ಸೊಂಟ ಹಿಡಿದುಕೊಳ್ಳುತ್ತದೆ. ಏನು ಮಾಡಲಿ?
– ಮದುವೆ ವಿಡಿಯೋಗ್ರಾಫರ್, ಮಡಗಾಂವ್

ಉ: ಕ್ಯಾಮೆರಾದ ಭಾರವೆಲ್ಲ ಮುಂದಕ್ಕೆ ಜಗ್ಗುತ್ತಿರಬೇಕು. ಬ್ಯಾಟರಿಯನ್ನು ಭುಜದ ಹಿಂದಕ್ಕೆ ಕಟ್ಟಿ, ಸಾಲದಿದ್ದರೆ ಹಿಂದೆ ತೂಕ ಹಾಕಿ. ಕೈ ಬಿಟ್ಟರೂ ಕ್ಯಾಮೆರಾ ಭುಜದ ಮೇಲೆ ಒಂದು ಕ್ಷಣ ತಾನೇ ನಿಲ್ಲಬೇಕು, ಆಗ ಬ್ಯಾಲೆನ್ಸ್ ಸರಿ ಇದೆ ಅಂತ. ಟೇಕ್ ಮುಗಿದ ಕೂಡಲೇ ಅಸಿಸ್ಟೆಂಟ್ ಬಂದು ಕ್ಯಾಮೆರಾ ಇಳಿಸಿಕೊಳ್ಳಲಿ, ಮುಂದಿನ ಶಾಟ್‌ನ ಚರ್ಚೆಯನ್ನು ಅದನ್ನು ಹೊತ್ತುಕೊಂಡೇ ಮಾಡಬೇಡಿ. ಅಸಿಸ್ಟೆಂಟ್ ಇಲ್ಲ ಅಂತೀರಾ? ಹಾಗಾದರೆ ಮುಂದಿನ ಕೊಟೇಶನ್‌ನಲ್ಲಿ ಅವನ ಕೂಲಿಯನ್ನೂ ಸೇರಿಸಿ ಕಳಿಸಿ.